ಉಸಿರಿನ ನಲವತ್ತು ಸಾಲು

"ತಂತ್ರಾಂಶದಲ್ಲಿ ನಲವತ್ತೇ ಸಾಲು ಸಾರ್. ತೆಗೆದುಹಾಕಿ ನೀವೇ ಬೇರೆ ಬರೆದುಬಿಡಿ. ಆಕೆ ಬರೆದಿದ್ದನ್ನ ನೋಡಿ ಬರೆದ ಹಾಗಿರಬಾರದು, ಅಷ್ಟೆ," ಎಂದಳು ಕಂಪನಿಯ ವಕೀಲೆ. ಕುರ್ಚಿಯ ಮೇಲಿನ ಕ್ಯಾಸೆಟ್‌ಗಳನ್ನು ತಾನೇ ಎತ್ತಿಟ್ಟು ಜಾಗ ಮಾಡಿಕೊಂಡಿದ್ದಳು. ಆ ಕೋಣೆಯಲ್ಲಿ ಮನುಷ್ಯರು ಕೂತು ಎಷ್ಟೋ ದಿನವಾಗಿತ್ತು.

ಹಳೆಯ ಕ್ಯಾಸೆಟ್‌ಗಳ ಧ್ವನಿಯನ್ನು ಕಂಪ್ಯೂಟರಿಗೆ ಇಳಿಸಿ ಶುದ್ಧ ಮಾಡಿಕೊಡುವುದು ಅವನ ಕಸುಬು. ಅದಕ್ಕೆಂದೇ ಒಂದು ತಂತ್ರಾಂಶ ಬರೆದು, ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಬಿಟ್ಟಿದ್ದ. ಷರತ್ತು ಒಂದೇ: ಯಾರಾದರೂ ಬಳಸಲಿ, ತಿದ್ದಲಿ, ತಿದ್ದಿ ಹಂಚಿದರೆ ಅದನ್ನೂ ಎಲ್ಲರಿಗೂ ಹೀಗೇ ಬಿಡಬೇಕು. ಶ್ರವಣಯಂತ್ರ ಮಾಡುವ ಈ ಕಂಪನಿಗೆ ಆ ಷರತ್ತು ಗಂಟಲ ಮುಳ್ಳು. ಹಾಗಾಗಿ ಹಕ್ಕುಗಳನ್ನೇ ಕೊಳ್ಳಲು ಬಂದಿದ್ದರು. ಪುಕ್ಕಟೆ ಪ್ರತಿಯನ್ನು ಅವನು ಅಂತರ್ಜಾಲದಿಂದ ತೆಗೆದುಹಾಕಬೇಕು, ಮುಂದೆ ಅದನ್ನು ಯಾರಿಗೂ ಹಂಚಕೂಡದು. ಅವರು ಕೊಡುವ ದುಡ್ಡಿಗೆ ಈ ಬಾಡಿಗೆ ಕೋಣೆ ಅವನದೇ ಆಗುತ್ತಿತ್ತು. ಇಲ್ಲವಾದರೆ ತಿಂಗಳ ಕೊನೆಗೆ ಖಾಲಿ ಮಾಡಬೇಕು. ಮನೆಯೊಡೆಯ ಮಾರಲು ಕೂತಿದ್ದ.

ಆದರೆ ಹಕ್ಕು ಅವನೊಬ್ಬನದಲ್ಲ. ನಲವತ್ತು ಸಾಲು ನರ್ಸಮ್ಮನವು.

ಅವಳನ್ನು ಅವನು ಕಂಡವನಲ್ಲ. ಯಾವುದೋ ದೂರದ ಆಸ್ಪತ್ರೆಯ ಶ್ವಾಸಕೋಶದ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಮೊದಲ ಪತ್ರದಲ್ಲೇ ಬೈದಿದ್ದಳು: "ನಿಮ್ಮ ತಂತ್ರಾಂಶ ರೋಗಿಗಳ ಉಸಿರನ್ನೂ ಕಸ ಅಂತ ಗುಡಿಸಿಹಾಕ್ತಿದೆ. ನಮಗೆ ಬೇಕಾದ್ದೇ ಅದು ಸ್ವಾಮಿ!" ಬೈದು ಸುಮ್ಮನಾಗಲಿಲ್ಲ, ಹಟ ಹಿಡಿದು ಕಲಿತು, ಉಸಿರನ್ನು ಉಳಿಸುವ ನಲವತ್ತು ಸಾಲು ಬರೆದು ಕಳಿಸಿದಳು. ಜೊತೆಗೆ ಪರೀಕ್ಷೆಗೆಂದು ತನ್ನ ದನಿಯಲ್ಲೇ ಒಂದರಿಂದ ಇಪ್ಪತ್ತು ಎಣಿಸಿದ ಮುದ್ರಣ. ತಂತ್ರಾಂಶದ ಅಂತರ್ಜಾಲ ಪುಟಕ್ಕೇ ಎಂಟು ವರ್ಷ ಪತ್ರ ಬರೆದಳು, ತಪ್ಪು ಹುಡುಕಿದಳು, ತಮಾಷೆ ಮಾಡಿದಳು. ಮೂರು ವರ್ಷದಿಂದ ಸದ್ದಿಲ್ಲ. ಕಂಪನಿ ಆಸ್ಪತ್ರೆಗೆ ಕಳಿಸಿದ ಕಾಗದವೂ ವಾಪಸು ಬಂದಿತ್ತು. ಒಪ್ಪಿಗೆ ಕೇಳಲು ಆಕೆಯೇ ಇಲ್ಲ.

ವಕೀಲೆ ಹೋದ ಮೇಲೆ ಅವನು ನಲವತ್ತು ಸಾಲು ಅಳಿಸಿದ. ತನ್ನದೇ ಹದಿನೆಂಟು ಬರೆದ. ಒಂದು ಸಾಲು ತಿದ್ದಿದರೂ ನರ್ಸಮ್ಮನ ಎಣಿಕೆಯ ಮುದ್ರಣ ಹಚ್ಚಿ ಕೇಳಿಯೇ ಮುಂದೆ ಹೋಗುವುದು ಅವನ ಪದ್ಧತಿ. ಹಚ್ಚಿದ.

ಒಂದು, ಎರಡು, ಮೂರು. ಎಲ್ಲ ಸ್ಪಷ್ಟ, ತೊಳೆದಿಟ್ಟ ಪಾತ್ರೆಯ ಹಾಗೆ. ಹನ್ನೆರಡರ ನಂತರ ಅವಳು ಏದುಸಿರು ಬಿಡುತ್ತಿದ್ದಳು, ಈಗ ಬಿಡಲಿಲ್ಲ. ಇಪ್ಪತ್ತು ಬಂತು. ಆಮೇಲೆ ಒಂದು ದೀರ್ಘ ಉಸಿರು, ಅದರ ಬಾಲಕ್ಕೆ ಅಂಟಿಕೊಂಡಂತೆ ಮೆಲ್ಲಗೆ "ಸಾಕಾ?" ಬರಬೇಕಿತ್ತು. ಏನೂ ಬರಲಿಲ್ಲ. ಹನ್ನೊಂದು ವರ್ಷದಿಂದ ಆ ಪ್ರಶ್ನೆಗೆ "ಸಾಕು" ಎಂದು ಗಟ್ಟಿಯಾಗಿಯೇ ಹೇಳುತ್ತ ಬಂದಿದ್ದ. ಎಷ್ಟೋ ದಿನ ಅವನು ಬಾಯಿಬಿಟ್ಟು ಆಡಿದ ಮಾತು ಅದೊಂದೇ.

ಫೋನು ಬಡಿದುಕೊಂಡಿತು. ಅಕ್ಕ.

"ಸಹಿ ಹಾಕಿದ್ಯೇನೋ?"

"ಇಲ್ಲ. ನರ್ಸಮ್ಮನ ಸಾಲು ತೆಗೆದರೆ ಉಸಿರು ಕೇಳಿಸಲ್ಲ ಅಕ್ಕ."

"ದುಡ್ಡು ಕೊಡೋರಿಗೆ ಬೇಡವಾದ ಉಸಿರು ನಿನಗ್ಯಾಕೋ? ಊರಿಗೆಲ್ಲ ಪುಕ್ಕಟೆ ಹಂಚಿ ದಾನಶೂರ ಕರ್ಣ ಆಗಿದ್ದು ಸಾಲದಾ? ಬೇಕಿದ್ರೆ ಹಳೇದು ನಿನ್ನ ಹತ್ರ ಇಟ್ಕೊಂಡು ಕೇಳ್ಕೋ."

"ಇಟ್ಕೋಬಹುದು. ಆದ್ರೆ ಆ ಪುಟ ಅಂತರ್ಜಾಲದಿಂದ ತೆಗೆದುಹಾಕ್ಬೇಕಂತೆ. ಆಕೆಗೆ ಗೊತ್ತಿರೋ ನನ್ನ ವಿಳಾಸ ಅದೊಂದೇ."

"ಮೂರು ವರ್ಷ ಆಯ್ತಲ್ಲೋ," ಎಂದಳು ಅಕ್ಕ, ಬೈಗುಳವೆಲ್ಲ ಇಳಿದ ದನಿಯಲ್ಲಿ.

"ಹೌದು."

"ಸಾಮಾನು ಇಲ್ಲಿಗೇ ತಂದ್ಹಾಕು. ಕ್ಯಾಸೆಟ್ ಮಾತ್ರ ಕಡಿಮೆ ತಾ."

ವಕೀಲೆಗೆ ಎರಡು ಸಾಲಿನ ಕಾಗದ ಬರೆದ. ಆಗುವುದಿಲ್ಲ, ಕ್ಷಮಿಸಿ. ಕೋಣೆಯನ್ನೊಮ್ಮೆ ನೋಡಿದ, ಕಿಟಕಿಯ ಬಿಸಿಲು ಖಾಲಿ ಕುರ್ಚಿಯ ತನಕ ಬಂದಿತ್ತು. ತನ್ನ ಹದಿನೆಂಟು ಸಾಲು ಅಳಿಸಿ, ಅವಳ ನಲವತ್ತನ್ನು ಇದ್ದಲ್ಲೇ ಇಟ್ಟು, ಮತ್ತೆ ಹಚ್ಚಿದ.

ಹನ್ನೆರಡಕ್ಕೆ ಏದುಸಿರು ಬಂತು. ಇಪ್ಪತ್ತಾಯಿತು. ಉದ್ದನೆಯ ಉಸಿರು.

"ಸಾಕಾ?"

ಈ ಸಲ ಅವನು "ಸಾಕು" ಎನ್ನಲಿಲ್ಲ. ಮತ್ತೆ ಒಂದರಿಂದ ಹಚ್ಚಿದ.