ಗೆರೆ ನೆಟ್ಟಗಾದ ಮೇಲೆ

“ಉಸಿರು ನಿಂತಲ್ಲೇ ಕಥಿ ನಿಲ್ಲಿಸಿ ಎದ್ದು ಹೋಗ್ತಾರೇನು ಯಾರರ?”

ಅವ್ವ ಕೇಳಿದ್ದು ನನ್ನನ್ನಲ್ಲ; ರೊಟ್ಟಿಯ ಹಂಚನ್ನೂ ಅಲ್ಲ. ಪುಣೆ ಹತ್ತಿರದ ನಿಗಡಿಯ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ನನ್ನ ಲ್ಯಾಪ್‌ಟಾಪ್ ತೆರೆದಿತ್ತು. ಅದರಲ್ಲಿ ಐಸಿಯು ಮಾನಿಟರಿನ ಹಸಿರು ಗೆರೆ ಏರಿ, ಇಳಿದು, ಕೊನೆಗೆ ನೆಟ್ಟಗಾಗಿಬಿಟ್ಟಿತ್ತು.

“ಸುಳ್ಳು ಮಾನಿಟರ್ ಅವ್ವಾ, ಸೀರಿಯಲ್‌ದು. ಇವತ್ತ ಧರ್ಮರಾಜ ಕಾಕಾನ ಪಾತ್ರ ಸಾಯ್ತದ.”

“ಸುಳ್ಳಿದ್ರ ಇನ್ನೂ ಕೆಟ್ಟ. ಖರೇ ಸಾವು ದೇವರ ಕೈಯಾಗ ಇರ್ತದ. ಇದು ನಿನ್ನ ಕೈಯಾಗ ಅದಲ್ಲ?”

ಸಿನಿಮಾ, ಸೀರಿಯಲ್ಲುಗಳಿಗೆ ಇಂಥ ಪರದೆಗಳನ್ನು ಮಾಡುವುದೇ ನನ್ನ ಕೆಲಸ. ಇಲ್ಲದ ಬ್ಯಾಂಕಿನ ಪಾಸ್‌ವರ್ಡ್, ಎಲ್ಲೂ ಹಾರದ ಉಪಗ್ರಹದ ನಕ್ಷೆ. ಮಾತು ನನಗೆ ಕಡಿಮೆ. ಚಿಕ್ಕಂದಿನಿಂದ ಕೇಳಿಯೇ ರೂಢಿ. ಶ್ರಾವಣ ಬಂದರೆ ಅಪ್ಪ ಭೋಸರಿಯ ಕಾರ್ಖಾನೆಯಿಂದ ಬಂದು, ಕೈಕಾಲು ತೊಳೆದು, ಪುರಾಣ ಹಾಡಿ ಓದುತ್ತಿದ್ದರು. ಯುದ್ಧದಲ್ಲಿ ಯಾರಾದರೂ ಸತ್ತರೆ ಅಲ್ಲಿಗೇ ಪುಸ್ತಕ ಮುಚ್ಚುತ್ತಿರಲಿಲ್ಲ. ಗಂಟಲು ಎಷ್ಟೇ ಒಣಗಿರಲಿ, ಮಂಗಳದ ಒಂದು ಪದ್ಯ ಓದಿ, ಪುಸ್ತಕವನ್ನು ಕಣ್ಣಿಗೊತ್ತಿಕೊಂಡೇ ಮುಚ್ಚುತ್ತಿದ್ದರು.

ಸೆಟ್ಟಿಗೆ ಹೋಗುವ ಬಸ್ಸಿನಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು, ಗೆರೆ ನೆಟ್ಟಗಾಗಿಸುವ ಕೀಲಿಯ ಜೊತೆ ಇನ್ನೊಂದು ಕೀಲಿ ಸೇರಿಸಿದೆ.

ಧರ್ಮರಾಜ ಕಾಕಾ ಆಗಲೇ ಸೆಟ್ಟಿನ ಆಸ್ಪತ್ರೆ ಮಂಚದ ಮೇಲೆ ಕುಳಿತಿದ್ದರು. ಬಿಜಾಪುರದ ಕಡೆಯ ನಾಟಕ ಕಂಪನಿಯಲ್ಲಿ ಬೆಳೆದವರು, ಈಗ ಮರಾಠಿ ಸೀರಿಯಲ್ಲಿನ ಅಜ್ಜ. ಎರಡು ತಿಂಗಳ ಹಿಂದೆ ಅವರಿಗೆ ನಿಜವಾಗಿಯೂ ಬೈಪಾಸ್ ಆಗಿತ್ತು.

“ತಂಗಿ, ನಾಟಕದಾಗ ನೂರು ಸಲ ಸತ್ತೀನಿ, ಪರದೆ ಬಿದ್ದ ಕೂಡ್ಲೆ ಎದ್ದು ಚಹಾ ಕುಡದೀನಿ. ಆದ್ರ ದವಾಖಾನಿಯಾಗ ಇಂಥಾದ್ದೇ ಡಬ್ಬಿ ನನ್ನ ತಲಿ ಹತ್ರ ಇತ್ತು ನೋಡು.” ನಕ್ಕರು. ಕೈ ಮಾತ್ರ ಹೊದಿಕೆಯ ಅಂಚನ್ನು ಬಿಡಲಿಲ್ಲ. “ಒಂದೇ ಸಲಕ್ಕ ಮುಗಿಸ್ವಾ.”

“ಹೂಂರಿ ಕಾಕಾ.”

ಅವರು ಕಣ್ಣು ಮುಚ್ಚಿದರು. ನಾನು ಲ್ಯಾಪ್‌ಟಾಪಿನ ಕೀಲಿ ಒತ್ತಿದೆ. ಮಂಚದ ಪಕ್ಕದ ಮಾನಿಟರಿನಲ್ಲಿ ಗೆರೆ ನೆಟ್ಟಗಾಯಿತು. ನಿರ್ದೇಶಕ ಪೃಥ್ವಿರಾಜ್ “ಕಟ್” ಎಂದರು, ಚಪ್ಪಾಳೆ ಬಿತ್ತು. ಕಾಕಾ ಮಾತ್ರ ಕಣ್ಣು ತೆರೆಯಲಿಲ್ಲ. ಆ ಗೆರೆ ನೋಡುವ ಧೈರ್ಯ ಅವರಿಗಿರಲಿಲ್ಲ.

ಬಸ್ಸಿನಲ್ಲಿ ಸೇರಿಸಿದ ಕೀಲಿ ಒತ್ತಿದೆ. ಗೆರೆ ಎದ್ದಿತು. ಬೀಪ್ ಸದ್ದು ಕುಣಿಯತೊಡಗಿತು: ಮೂರು, ನಾಲ್ಕು, ಮೂರು, ನಾಲ್ಕು.

ಕಣ್ಣು ಮುಚ್ಚಿಕೊಂಡೇ ಕಾಕಾ ಕಿವಿಗೊಟ್ಟರು. ಬೆರಳು ಮಂಚದ ಕಂಬಿಯ ಮೇಲೆ ತಾಳ ಹಾಕಿತು.

“ಯಾವ ಡಾಕ್ಟರ್ ಕೇಳ್ಯಾನ ಇಂಥಾ ಎದಿ! ಇದು ಭಾಮಿನಿ ಷಟ್ಪದಿ ನಡಿ ಅಲ್ಲೇನವ್ವಾ?”

“ಅಪ್ಪ ಓದ್ತಿದ್ದ ಧಾಟಿರಿ. ಕಡೀಕ ಓದೋ ಮಂಗಳದ ಪದ್ಯ.”

ಕಾಕಾ ಕಣ್ಣು ತೆರೆದು ಗೆರೆಗೆ ಕೈ ಮುಗಿದರು. ಮಂಚ ಇಳಿದು ಚಹಾ ತರಿಸಿಕೊಂಡರು.

ಅಷ್ಟರಲ್ಲಿ ಪೃಥ್ವಿರಾಜ್ ಬಂದರು, ಬೆಂಗಳೂರಿನವರು. “ಸುಮಂಗಲಾ, ಸೂಪರ್! ಟೇಕ್ ಓಕೆ. ಆದ್ರೂ ಸೇಫ್ಟಿಗೆ ಇನ್ನೊಂದ್ ಇರ್ಲಿ. ಅಂಕಲ್ ಮಲಗ್ತಾರೆ, ನೀವು ಲೈನ್ ಮತ್ತೆ ಫ್ಲಾಟ್ ಮಾಡ್ಬಿಡಿ.”

ಕಾಕಾನ ಚಹಾದ ಕಪ್ ತುಟಿಯ ಹತ್ತಿರವೇ ನಿಂತಿತು. ನನ್ನತ್ತ ನೋಡಿದರು.

ಆರು ವರ್ಷಗಳಿಂದ ಪೃಥ್ವಿರಾಜರಿಗೆ ನಾನು ಕೊಟ್ಟ ಉತ್ತರ ಒಂದೇ: ಆಯ್ತು ಸರ್.

ಲ್ಯಾಪ್‌ಟಾಪ್ ಮುಚ್ಚಿ ಕಣ್ಣಿಗೊತ್ತಿಕೊಂಡೆ.

“ಇಲ್ಲ ಸರ್. ನಾ ಮಾಡೂದಿಲ್ಲ.”