ಕಲ್ಲಿಲ್ಲದ ಹೊಲ

ಗೌಡಗೆರೆಯ ದೊಡ್ಡಹನುಮಯ್ಯನಿಗೆ ಹೊಲ ಸುಧಾರಿಸುವ ಹುಚ್ಚು ಹಿಡಿದಿತ್ತು. ಬೇಸಿಗೆಯಲ್ಲಿ ಜೆಸಿಬಿ ತರಿಸಿ, ತಾತನ ಕಾಲದಿಂದ ಕಾಲಿಗೆ ತಗಲುತ್ತಿದ್ದ ಉಂಡೆಗಲ್ಲುಗಳನ್ನೆಲ್ಲ ಎತ್ತಿಸಿ ಬದುವಿನ ಮೇಲೆ ಪೇರಿಸಿದ. ಕಡಲೆಕಾಯಿ ಬಿತ್ತುವಾಗ ಕೂರಿಗೆ ಎಲ್ಲೂ ತಡೆಯದೆ ಓಡಿತು.

"ಹುಡುಕಿದ್ರೂ ಒಂದು ಹರಳು ಸಿಕ್ಕಲ್ಲ, ನೋಡ್ರಲಾ" ಎಂದು ಊರವರ ಮುಂದೆ ಬೀಗಿದ.

ಕಾಯಿ ಕಟ್ಟುತ್ತಿದ್ದಂತೆ ನವಿಲುಗಳು ಇಳಿದು ಕೆದಕತೊಡಗಿದವು. ಕೂಗಿದರೆ ಕತ್ತೆತ್ತಿಯೂ ನೋಡಲಿಲ್ಲ. ಹೆದರಿಸಲು ಎಸೆಯೋಣವೆಂದರೆ ಹೊಲದಲ್ಲಿ ಕಲ್ಲೇ ಇಲ್ಲ. ಬದುವಿನ ಕಲ್ಲುಗಳನ್ನೇ ಕವಣೆಗಿಟ್ಟು ಬೆಳಿಗ್ಗೆ ಬೀಸಿದ, ಸಂಜೆ ಬೀಸಿದ. ಬೆಳೆಯೇನೋ ಉಳಿಯಿತು.

ಕಾಯಿ ಕೀಳುವ ದಿನ ಹೆಂಡತಿ ಕೊಲ್ಲಾಪುರಮ್ಮ ಮೊದಲ ಸಾಲಿನಲ್ಲೇ ಎಡವಿದಳು. ದೊಡ್ಡಹನುಮಯ್ಯ ತಲೆಯೆತ್ತಿ ನೋಡಿದ. ಬದು ಬೋಳಾಗಿತ್ತು, ಹೊಲದ ತುಂಬ ಕಲ್ಲು.

"ಬರೋ ವರ್ಸ ನವಿಲುಗಳ್ನ ಬದುವಿನ ಮ್ಯಾಲೆ ಕೂರ್ಸಿ, ನೀನು ಹೊಲದಾಗೆ ನಿಂತ್ಕಂಡು ಬೀಸು" ಎಂದಳು ಅವಳು. "ಜೆಸಿಬಿನೇ ಬ್ಯಾಕಾಗಲ್ಲ."