ಅಬರ್ಕೂಹ್‌ನ ಕಾಜಿಯ ಮೇಲೆ ಬರೆದ ಸಾಲು

ನನ್ನ ಅಣ್ಣ ಸದೀದುದ್ದೀನ್ ಯಜ್ದ್‌ನ ಮದರಸಾದಲ್ಲಿ ಹದಿನೆಂಟು ವರ್ಷ ಧರ್ಮಶಾಸ್ತ್ರ ಹೇಳಿಕೊಟ್ಟವನು. ತಿಳಿಯದ್ದನ್ನು ಯಾರಾದರೂ ಕೇಳಿದರೆ ಗೊತ್ತಿಲ್ಲ ಎನ್ನಲು ನಾಚುತ್ತಿರಲಿಲ್ಲ. ಜನ ಅವನನ್ನು ನಂಬುತ್ತಿದ್ದದ್ದೇ ಅದಕ್ಕೆ. ಆ ನಂಬಿಕೆಯನ್ನು ನೋಡಿಯೇ ಸುಲ್ತಾನ ಅವನನ್ನು ಆಸ್ಥಾನಕ್ಕೆ ಕರೆಸಿ ತನ್ನ ಯುದ್ಧಗಳ ಚರಿತ್ರೆ ಬರೆಯಲು ಕೂರಿಸಿದ.

ಅಬರ್ಕೂಹ್ ಪಟ್ಟಣ ನಲವತ್ತು ದಿನ ಸುಲ್ತಾನನಿಗೆ ಬಾಗಿಲು ತೆರೆಯಲಿಲ್ಲ. ಕೊನೆಗೆ ಊರಿನ ಕಾಜಿ ಜಹೀರುದ್ದೀನ್ ತಾನೇ ಹೊರಗೆ ಬಂದು, ಜನರನ್ನು ಬಿಟ್ಟುಬಿಡಿ ಎಂದು ಬೇಡಿಕೊಂಡ. ಸುಲ್ತಾನ ಅಭಯ ಕೊಟ್ಟ. ಮರುದಿನವೇ ಅವನನ್ನು ಗಲ್ಲಿಗೆ ಹಾಕಿಸಿದ. ಈ ಜಹೀರ್ ಅಣ್ಣನ ಜೊತೆ ಓದಿದವನು, ನಮ್ಮ ಮನೆಯಲ್ಲಿ ಅವನೊಂದಿಗೆ ಒಂದೇ ತಟ್ಟೆಯಲ್ಲಿ ಉಂಡವನು.

ಕಾಜಿ ಶತ್ರುಗಳಿಂದ ಲಂಚ ತಿಂದಿದ್ದ, ಅದಕ್ಕೇ ಗಲ್ಲಾಯಿತು ಎಂದು ಬರೆಯಬೇಕೆಂದು ವಜೀರ ಹೇಳಿಕಳಿಸಿದ. ಅಣ್ಣ ಎರಡು ದಿನ ಊಟ ಮಾಡಲಿಲ್ಲ. ಮೂರನೇ ದಿನ ಬರೆದ.

"ನಾನು ಬರೀದಿದ್ರೆ ಇನ್ನೊಬ್ಬ ಪುಟಗಟ್ಟಲೆ ಬರೀತಾನೆ ಕಣಮ್ಮಾ," ಅಂದ. "ನಾನು ಒಂದೇ ಸಾಲಲ್ಲಿ ಮುಗಿಸ್ದೆ."

ನಾನು ಏನೂ ಅನ್ನಲಿಲ್ಲ. ಅನ್ನಬೇಕಿತ್ತು.

ಒಂಬತ್ತು ವರ್ಷದ ಮೇಲೆ ಸುಲ್ತಾನ ತೀರಿಕೊಂಡ. ಅಣ್ಣ ನನ್ನನ್ನೂ ಕರೆದುಕೊಂಡು ಅಬರ್ಕೂಹ್‌ಗೆ ಹೊರಟ. ಜಹೀರನ ಹೆಂಡತಿ ಖಾವರ್ ಅಂಗಳದಲ್ಲಿ ಹತ್ತಿ ನೂಲುತ್ತಿದ್ದಳು. ಚಾಪೆ ಹಾಸಿದಳು, ಒಣಗಿದ ಹಿಪ್ಪುನೇರಳೆ ಹಣ್ಣು ತಂದಿಟ್ಟಳು. ಮೊದಲೆಲ್ಲ ಅವಳೂ ನನ್ನ ಅಣ್ಣನನ್ನು ಅಣ್ಣ ಎಂದೇ ಕರೆಯುತ್ತಿದ್ದವಳು. ಅವನು ತಲೆ ತಗ್ಗಿಸಿ, ನಡೆದದ್ದನ್ನು ನಡೆದ ಹಾಗೆಯೇ ಮತ್ತೆ ಬರೆಯುತ್ತೇನೆ ಎಂದ.

"ಬರೀರಿ ಮೌಲಾನಾ, ಬೇಡ ಅನ್ನಲ್ಲ," ಅಂದಳು ಖಾವರ್. "ನನ್ನ ಮಗಳನ್ನ ಕೇಳ್ಕೊಂಡು ಬಂದೋರೆಲ್ಲ ಆ ಸಾಲು ಗೊತ್ತಾಗಿ ವಾಪಸ್ ಹೋದ್ರು. ಬೇರೆ ಯಾರೇ ಬರೆದಿದ್ರೂ ಜನ ಸುಳ್ಳು ಅಂತಿದ್ರು. ನೀವು ಬರೆದಿದ್ದು ಅಂತ ನಂಬಿದ್ರು."

ಅಣ್ಣ ಹಣ್ಣು ಮುಟ್ಟದೆ ಎದ್ದ.

ಊರಿಗೆ ಬಂದು, ಮದರಸಾದಲ್ಲಿ ಮತ್ತೆ ಪಾಠ ಹೇಳುತ್ತಲೇ ಎಲ್ಲವನ್ನೂ ಬರೆದ. ತನ್ನ ಕೈಯಾರೆ ಪ್ರತಿಗಳನ್ನು ಮಾಡಿ ಶಿರಾಜ್‌ಗೆ, ಇಸ್ಫಹಾನ್‌ಗೆ ಕಳಿಸಿದ. ಶಿರಾಜ್‌ನ ವಿದ್ವಾಂಸರೊಬ್ಬರು ಮಾತ್ರ ಉತ್ತರ ಬರೆದರು: ಮೌಲಾನಾರಿಗೆ ವಯಸ್ಸಾಯಿತು, ಸತ್ತ ಗೆಳೆಯನ ಮೇಲಿನ ಮಮತೆಗೆ ಸತ್ಯವನ್ನು ತಿದ್ದುತ್ತಿದ್ದಾರೆ. ಅಷ್ಟರಲ್ಲಿ ಕಣ್ಣು ಮಂಜಾಗಿದ್ದ ಅಣ್ಣ ಆ ಕಾಗದವನ್ನು ನನ್ನ ಕೈಲಿ ಎರಡು ಸಲ ಓದಿಸಿದ. ಆಮೇಲೆ ಪಾಠ ಹೇಳುವುದನ್ನೂ ನಿಲ್ಲಿಸಿಬಿಟ್ಟ.

ಮುಂದಿನ ಚಳಿಗಾಲದಲ್ಲಿ ಅವನೂ ಹೋದ. ಅಂತ್ಯಕ್ರಿಯೆಗೆ ಊರಿಗೆ ಊರೇ ಬಂದಿತ್ತು. ಗಂಡಸರು ಹೊರಗೆ ನಿಂತು ಅವನ ಚರಿತ್ರೆಯನ್ನು, ಆ ಮೊದಲನೆಯದನ್ನೇ, ಹೊಗಳುತ್ತಿದ್ದರು. ಒಳಗೆ ಹೆಂಗಸರ ನಡುವೆ ಕೂತು ಕೇಳಿಸಿಕೊಂಡೆ. ಆಗಲೂ ನಾನು ಬಾಯಿ ಬಿಡಲಿಲ್ಲ.